ಟಕ್ ಟಕ್ ಎಂದ ಕಾರು

ಮಕ್ಕಳೇ, ರಿಪ್ಪನ್‌ಪೇಟೆಯಲ್ಲಿ ಜೋರು ಮಳೆ. ಅಜ್ಜಿಯನ್ನು ಶಿವಮೊಗ್ಗದ ಆಸ್ಪತ್ರೆಗೆ ಕರೆದೊಯ್ಯಬೇಕು. ಕೀ ತಿರುಗಿಸಿದರೆ ಕಾರು ಬರೀ ಟಕ್ ಟಕ್ ಎಂದಿತು. ಹಿಂದಿನ ಸಂಜೆ ಬ್ಯಾಟರಿ ಬಿಚ್ಚಿ, ತುದಿಗಳ ಬಿಳಿ ಪುಡಿ ಉಜ್ಜಿದವನು ನಾನೇ!

“ಅಪ್ಪಾ, ನಿನ್ನೆ ಮುಟ್ಟಿದ್ದನ್ನೇ ಮೊದಲು ನೋಡು” ಎಂದಳು ಮಗಳು.

ಬಾನೆಟ್ ಎತ್ತಿದೆ. ಮೈನಸ್ ತುದಿಯ ಕ್ಲಾಂಪ್ ಕೈಯಲ್ಲೇ ಅಲ್ಲಾಡಿತು. ಒಳಗಿನ ದೀಪ ಉರಿಯಲು ಅಷ್ಟು ಹಿಡಿತ ಸಾಕು. ಸ್ಟಾರ್ಟರ್ ಮೋಟಾರಿಗೆ ನೂರಾರು ಆಂಪಿಯರ್ ಬೇಕು, ಸಡಿಲ ಜೋಡಣೆಯಲ್ಲಿ ಅಷ್ಟು ಹರಿಯದು. ಬಿಗಿ ಮಾಡಿದೆ, ಎಂಜಿನ್ ಗುರ್ರೆಂದಿತು.

ಬ್ಯಾಟರಿ ಕಳಚುವಾಗ ಮೈನಸ್ ಮೊದಲು, ಜೋಡಿಸುವಾಗ ಕೊನೆಗೆ. ಕಾರಿನ ಮೈಯೆಲ್ಲ ಮೈನಸ್‌ಗೇ ಸೇರಿದ್ದು. ಪ್ಲಸ್ ಬಿಚ್ಚುವಾಗ ಸ್ಪ್ಯಾನರ್ ಅದಕ್ಕೆ ತಗುಲಿದರೆ ಕಿಡಿ ಹಾರುತ್ತದೆ. ಇದು ದೊಡ್ಡವರ ಕೆಲಸ. ನೀವು ಟಾರ್ಚ್ ಹಿಡಿಯಿರಿ, ನನ್ನ ಮಗಳ ಹಾಗೆ.