ಅಚ್ಚು ಹಾಕಿದವರ ಪಾಲು

ಖಾಲಿ ಡಿಟರ್ಜೆಂಟ್ ಕವರೊಂದನ್ನು ಕೌಂಟರ್ ಮೇಲಿಟ್ಟು, ‘ಇದನ್ನೇ ಸ್ಕ್ಯಾನ್ ಮಾಡಿ ಐದು ಸಾವಿರ ಹೊಡೆದುಕೊಡಿ’ ಎನ್ನುವ ಗಿರಾಕಿ ಮುದ್ರಣದವರಿಗೆ ಅಪರೂಪವೇನಲ್ಲ. ಸಿಕ್ಕಿಬಿದ್ದಾಗ ಬರುವ ಸಮಜಾಯಿಷಿಯೂ ಗೊತ್ತಿರುವುದೇ: ಅವನು ಕೇಳಿದ, ನಾವು ಅಚ್ಚು ಹಾಕಿದೆವು, ನಕಲಿ ಮಾಲು ಮಾರಿದ್ದು ಅವನು. ಕೇಳಲು ನ್ಯಾಯವಾಗಿಯೇ ಇದೆ. ಆದರೆ ಬಾಟಲಿಯೊಳಗಿನ ಎಣ್ಣೆಯನ್ನು ಪರೀಕ್ಷಿಸಿ ಕೊಳ್ಳುವವರು ಯಾರು? ಹೊರಗಿನ ಹೆಸರು ನೋಡಿ ಕೊಳ್ಳುತ್ತೇವೆ. ಲೇಬಲ್ ಇಲ್ಲದೆ ನಕಲಿ ಮಾಲು ಬಿಕರಿಯಾಗುವುದೇ ಇಲ್ಲ.

1999ರ ಟ್ರೇಡ್‌ಮಾರ್ಕ್ ಕಾಯ್ದೆಗೆ ಇದು ಗೊತ್ತಿದೆ. ಅದರ 29(7)ನೇ ಕಲಂ ಪ್ರಕಾರ ಲೇಬಲ್, ಪ್ಯಾಕಿಂಗ್, ಜಾಹೀರಾತುಗಳ ಮೇಲೆ ಬೇರೆಯವರ ನೋಂದಾಯಿತ ಗುರುತು ಹಾಕಿದವರೂ ಹೊಣೆಗಾರರೇ. ಒಡೆಯರ ಒಪ್ಪಿಗೆಯಿಲ್ಲವೆಂದು ಅವರಿಗೆ ತಿಳಿದಿರಬೇಕು ಅಥವಾ ಹಾಗೆ ನಂಬಲು ಕಾರಣವಿರಬೇಕು, ಅಷ್ಟೆ. ಲೋಗೋ ಒಂದು ಚಿತ್ರಕೃತಿಯೂ ಆಗಿರುವಲ್ಲಿ 1957ರ ಕಾಪಿರೈಟ್ ಕಾಯ್ದೆಯೂ ಸೇರಿಕೊಳ್ಳುತ್ತದೆ. ಅಪರಾಧ ಸಾಬೀತಾದರೆ ಎರಡೂ ಕಾಯ್ದೆಗಳಲ್ಲಿ ಸಾಮಾನ್ಯವಾಗಿ 6 ತಿಂಗಳಿಂದ 3 ವರ್ಷ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿ ದಂಡ.

‘ನಂಬಲು ಕಾರಣ’ವನ್ನು ವಕೀಲರು ಬಂದು ಹುಡುಕಬೇಕಿಲ್ಲ. ಕಂಪನಿಯ ಕೆಲಸ ತಂದವರ ಕೈಯಲ್ಲಿ ಮೂಲ ಫೈಲ್ ಇರುತ್ತದೆ, ಪರ್ಚೇಸ್ ಆರ್ಡರ್ ಇರುತ್ತದೆ, ಕೆಂಪು ಇಷ್ಟೇ ಕೆಂಪಾಗಿರಬೇಕೆಂಬ ಪ್ಯಾಂಟೋನ್ ನಂಬರ್ ಇರುತ್ತದೆ. ಪ್ರೂಫ್‌ನಲ್ಲಿ ಛಾಯೆ ತುಸು ಬದಲಾದರೂ ಜಗಳಕ್ಕೆ ಬರುತ್ತಾರೆ. ಇನ್ನೊಬ್ಬನ ಬಳಿ ಇರುವುದು ಮಡಚಿದ ಕವರು ಮಾತ್ರ. ಅದನ್ನು ಕೋರಲ್‌ಡ್ರಾದಲ್ಲಿ ಟ್ರೇಸ್ ಮಾಡಲು ಕೂತವರಿಗೆ ಅನುಮಾನವೇ ಬರಲಿಲ್ಲವೆಂದರೆ ನಾನಂತೂ ನಂಬಲಾರೆ.

ಹಾಗೆಂದು ಮುದ್ರಕರನ್ನೇ ನ್ಯಾಯಾಧೀಶರಾಗಿ ಕೂರಿಸುವುದೂ ಸರಿಯಲ್ಲ. ‘ನಂದಿನಿ’ ಹೆಸರನ್ನೇ ನೋಡಿ. ಕೆಎಂಎಫ್ ಅದನ್ನು ಹಾಲಿಗೆ 1985ರಿಂದ ಬಳಸುತ್ತಿದ್ದರೆ, ಬೆಂಗಳೂರಿನ ನಂದಿನಿ ಡಿಲಕ್ಸ್ ಹೋಟೆಲಿನವರು 1989ರಿಂದ ಬಳಸುತ್ತಿದ್ದರು. ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2018ರಲ್ಲಿ ತೀರ್ಪು ಹೋಟೆಲಿನ ಪರವಾಗಿ ಬಂತು. ಅಷ್ಟು ವರ್ಷ ವಾದ ನಡೆದ ಪ್ರಶ್ನೆಯನ್ನು ಮೆನು ಕಾರ್ಡ್ ಅಚ್ಚು ಹಾಕುವವರು ಕೌಂಟರಿನಲ್ಲಿ ನಿಂತು ಬಗೆಹರಿಸಬೇಕೆ?

ಮೊಬೈಲ್ ರಿಪೇರಿ ಅಂಗಡಿಯ ಬೋರ್ಡಿನದು ಇವೆರಡರ ನಡುವಿನ ಸ್ಥಿತಿ. ಯಾವ ಕಂಪನಿಯ ಫೋನ್ ರಿಪೇರಿ ಮಾಡುತ್ತೇವೆಂದು ಸಾದಾ ಅಕ್ಷರದಲ್ಲಿ ಬರೆದರೆ ಅದು ಮಾಹಿತಿ. ಕಂಪನಿಯ ಲೋಗೋವನ್ನು ಅರ್ಧ ಫ್ಲೆಕ್ಸ್‌ನಷ್ಟು ದೊಡ್ಡದಾಗಿ ಹಾಕಿದರೆ ಅಧಿಕೃತ ಸರ್ವೀಸ್ ಸೆಂಟರೆಂದು ಜನ ಮೋಸಹೋಗುತ್ತಾರೆ. ಮುದ್ರಕರು ಇಲ್ಲಿ ಕೆಲಸ ಬಿಡಬೇಕಿಲ್ಲ, ಡಿಸೈನ್ ಬದಲಿಸಿಕೊಟ್ಟರೆ ಸಾಕು.

ಟ್ರೇಡ್‌ಮಾರ್ಕ್ ಕಾಯ್ದೆಯ 112ನೇ ಕಲಂ ಈ ಕಸುಬಿನವರಿಗೆ ಒಂದು ದಾರಿಯನ್ನೂ ಬಿಟ್ಟಿದೆ: ಗುರುತು ಹಾಕಿಕೊಡುವುದೇ ದಿನನಿತ್ಯದ ಕಸುಬಾಗಿದ್ದವರು, ತಕ್ಕ ಎಚ್ಚರ ವಹಿಸಿದ್ದರೆ, ಅನುಮಾನಿಸಲು ಕಾರಣವಿರದಿದ್ದರೆ, ಕೆಲಸ ಕೊಟ್ಟವರ ವಿವರವನ್ನು ಕೇಳಿದಾಗ ಒದಗಿಸಿದರೆ ಶಿಕ್ಷೆಯಿಂದ ಪಾರಾಗಬಹುದು. ಬಿಲ್ಲಿಲ್ಲದೆ ನಗದಿಗೆ ಲೇಬಲ್ ಹೊಡೆದವರು ಯಾವ ವಿವರ ಒದಗಿಸಿಯಾರು? ಒಂದು ಒಪ್ಪಿಗೆ ಪತ್ರ, ಹೆಸರು ವಿಳಾಸವಿರುವ ಬಿಲ್ಲು, ಆರ್ಡರ್ ಬಂದ ವಾಟ್ಸಾಪ್ ಸಂದೇಶ ಉಳಿಸಿಕೊಳ್ಳುವುದು ದೊಡ್ಡ ಖರ್ಚಿನ ಮಾತಲ್ಲ.

ನಾವು ಬಿಟ್ಟರೆ ಪಕ್ಕದ ಅಂಗಡಿಯವರು ಹೊಡೆದುಕೊಡುತ್ತಾರೆ ಎಂಬ ಮಾತು ಉಳಿಯಿತು. ನಿಜ, ಕೊಡುತ್ತಾರೆ. ಆದರೆ ಪ್ಲೇಟು ಸಿಗುವುದು ಅವರ ಅಂಗಡಿಯಲ್ಲಿ. ಮದುವೆ ಕಾರ್ಡು, ಬಿಲ್ ಬುಕ್ಕು, ಫ್ಲೆಕ್ಸುಗಳಿಂದ ನಡೆಯುವ ಪ್ರೆಸ್ಸು ಆ ಐದು ಸಾವಿರ ಲೇಬಲ್ ಬಿಟ್ಟರೆ ಮುಚ್ಚಿಹೋಗುವುದಿಲ್ಲ.