ರಾಷ್ಟ್ರನಿರ್ಮಾಪಕರ ಶ್ರದ್ಧೆ

ಯಾದಗಿರಿಯಿಂದ ಶಹಾಪುರದ ಮಾರ್ಗವಾಗಿ ಸುರಪುರಕ್ಕೆ ಸಾಗುವ ಪಯಣಿಗನು ಹಲವು ಶ್ರದ್ಧೆಗಳ ನೆಲವನ್ನು ದಾಟುತ್ತಾನೆ. ಯಾದಗಿರಿಯಲ್ಲಿ ಗುಡಿ, ಮಸೀದಿಗಳೊಡನೆ ಮೆಥೋಡಿಸ್ಟ್ ಚರ್ಚೂ ಇದೆ. ಶಹಾಪುರದ ಬೆಟ್ಟಸಾಲು ದೂರದಿಂದ ಮಲಗಿದ ಬುದ್ಧನಂತೆ ತೋರುತ್ತದೆ. ಸುರಪುರದಲ್ಲಿ ವೇಣುಗೋಪಾಲಸ್ವಾಮಿಯ ದೇವಾಲಯವಿದೆ. ಕೃಷ್ಣೆಯ ದಡದ ತಿಂಥಣಿಯಲ್ಲಿ ಮೌನೇಶ್ವರನಿಗೆ ಹಿಂದೂಗಳೂ ಮುಸಲ್ಮಾನರೂ ನಡೆದುಕೊಳ್ಳುತ್ತಾರೆ. ಇಂತಹ ನೆಲದ ಮಕ್ಕಳ ಮನಸ್ಸಿನಲ್ಲಿ ಒಂದು ಪ್ರಶ್ನೆ ಏಳುವುದು ಸಹಜ. ರಾಷ್ಟ್ರವನ್ನು ಕಟ್ಟಿದವರು ದೈವಭಕ್ತರಾಗಿದ್ದರೆ, ಆ ರಾಷ್ಟ್ರವು ಅವರ ಮತಕ್ಕೆ ಸೇರಿದ್ದಾಗುತ್ತದೆಯೇ?

ಈ ಪ್ರಶ್ನೆ ಭಾರತದ್ದು ಮಾತ್ರವಲ್ಲ. ಅಮೆರಿಕದ ಸಂಯುಕ್ತ ಸಂಸ್ಥಾನವನ್ನು ಕಟ್ಟಿದವರಲ್ಲಿ ಬಹುಮಂದಿ ಕ್ರೈಸ್ತ ಸಂಪ್ರದಾಯದಲ್ಲಿ ಬೆಳೆದವರು. 1776ರ ಅವರ ಸ್ವಾತಂತ್ರ್ಯ ಘೋಷಣೆಯಲ್ಲಿ ಸೃಷ್ಟಿಕರ್ತನ ಸ್ಮರಣೆಯಿದೆ. ಆದರೂ 1787ರಲ್ಲಿ ಸಂವಿಧಾನವನ್ನು ರಚಿಸಿದಾಗ, ರಾಷ್ಟ್ರದ ಯಾವ ಅಧಿಕಾರ ಸ್ಥಾನಕ್ಕೂ ಮತವನ್ನು ಅರ್ಹತೆಯಾಗಿ ಕೇಳಕೂಡದೆಂದು ಅವರು ವಿಧಿಸಿದರು. ಶ್ರದ್ಧೆ ಅವರ ಬಾಳಿನಲ್ಲಿತ್ತು. ಅದನ್ನು ಅಧಿಕಾರದ ಬಾಗಿಲಿಗೆ ಬೀಗವಾಗಿ ಅವರು ಹಾಕಲಿಲ್ಲ.

ಭಾರತದ ಸಂವಿಧಾನ ಸಭೆಯಲ್ಲಿಯೂ ಶ್ರದ್ಧಾವಂತ ಕ್ರೈಸ್ತರಿದ್ದರು. ಬಂಗಾಳದ ಪ್ರಾಧ್ಯಾಪಕ ಹರೇಂದ್ರಕುಮಾರ ಮುಖರ್ಜಿಯವರು ಸಭೆಯ ಉಪಾಧ್ಯಕ್ಷರಾಗಿದ್ದರು. ಪಾದ್ರಿಗಳಾದ ಜೆರೋಮ್ ಡಿಸೋಜಾ ಅವರೂ ಸದಸ್ಯರಾಗಿದ್ದರು. ಗಾಂಧೀಜಿಯವರ ನಿಕಟವರ್ತಿಯಾಗಿ ದುಡಿದ ರಾಜಕುಮಾರಿ ಅಮೃತ್ ಕೌರ್ ಮೂಲಭೂತ ಹಕ್ಕುಗಳ ಉಪಸಮಿತಿಯಲ್ಲಿದ್ದರು. ಮತಾಚರಣೆಗೆ ಮಿತಿಯಿಲ್ಲದ ಸ್ವಾತಂತ್ರ್ಯ ದೊರೆತರೆ, ಬಾಲ್ಯವಿವಾಹ, ದೇವದಾಸಿ ಪದ್ಧತಿಯಂತಹ ಅನಿಷ್ಟಗಳು ದೇವರ ಹೆಸರಿನಲ್ಲಿ ಉಳಿದುಬಿಡುವವೆಂದು ಅವರೂ ಹಂಸಾ ಮೆಹತಾ ಅವರೂ 1947ರಲ್ಲಿ ಎಚ್ಚರಿಸಿದರು. ಸಮಾಜ ಸುಧಾರಣೆಗಾಗಿ ಕಾನೂನು ಮಾಡುವ ಅಧಿಕಾರವನ್ನು ಸಂವಿಧಾನದ 25ನೆಯ ವಿಧಿಯು ರಾಜ್ಯಕ್ಕೆ ನೀಡಿದೆ. ಎಳೆಯ ಹೆಣ್ಣುಮಕ್ಕಳನ್ನು ದೇವರಿಗೆ ಬಿಡುವ ರೂಢಿಯಿದ್ದ ಕರ್ನಾಟಕದಲ್ಲಿ ಅದನ್ನು ನಿಷೇಧಿಸುವ ಶಾಸನ 1982ರಲ್ಲಿ ಬಂದಿತು. ಆ ಎಚ್ಚರಿಕೆಯ ಬೆಲೆ ಎಷ್ಟೆಂಬುದು ಇದರಿಂದ ತಿಳಿಯುತ್ತದೆ.

1948ರ ಡಿಸೆಂಬರಿನಲ್ಲಿ, ತನ್ನ ಮತವನ್ನು ಪ್ರಚಾರ ಮಾಡುವ ಹಕ್ಕು ಇರಬೇಕೇ ಎಂಬ ಬಗ್ಗೆ ಸಭೆಯಲ್ಲಿ ತೀವ್ರ ಚರ್ಚೆ ನಡೆಯಿತು. ಆಗ ಹಿಂದೂ ಸದಸ್ಯರಾದ ಟಿ. ಟಿ. ಕೃಷ್ಣಮಾಚಾರಿಯವರು, ತಾವು ಸುಮಾರು 14 ವರ್ಷ ಕ್ರೈಸ್ತ ವಿದ್ಯಾಸಂಸ್ಥೆಗಳಲ್ಲಿ ಓದಿದರೂ ಯಾರೂ ತಮ್ಮನ್ನು ಮತಾಂತರಿಸಲು ಯತ್ನಿಸಲಿಲ್ಲವೆಂದು ನೆನೆದು, ಆ ಹಕ್ಕನ್ನು ಸಮರ್ಥಿಸಿದರು. 1949ರ ಮೇ ತಿಂಗಳಲ್ಲಿ, ಶಾಸನಸಭೆಗಳಲ್ಲಿ ಮತೀಯ ಅಲ್ಪಸಂಖ್ಯಾತರಿಗೆ ಸ್ಥಾನಗಳನ್ನು ಕಾದಿರಿಸುವುದು ಬೇಡವೆಂಬ ನಿರ್ಣಯವನ್ನು ಸಲಹಾ ಸಮಿತಿಯ ಮುಂದಿಟ್ಟವರು ಸ್ವತಃ ಅಲ್ಪಸಂಖ್ಯಾತರಾಗಿದ್ದ ಮುಖರ್ಜಿಯವರೇ. ಒಬ್ಬರು ಅನ್ಯರ ಹಕ್ಕಿಗಾಗಿ ವಾದಿಸಿದರು. ಮತ್ತೊಬ್ಬರು ತಮ್ಮವರಿಗೆ ದೊರೆಯಬಹುದಾದುದನ್ನು ಬಿಟ್ಟುಕೊಟ್ಟರು. ರಾಷ್ಟ್ರದ ಅಡಿಪಾಯ ಇಂತಹ ಕಲ್ಲುಗಳಿಂದಲೇ ಗಟ್ಟಿಯಾಗುತ್ತದೆ.

ಮಂಗಳೂರಿನಲ್ಲಿ ಜನಿಸಿದ ಹರಿವಿಷ್ಣು ಕಾಮತರು, ಸಂವಿಧಾನದ ಪ್ರಸ್ತಾವನೆಯು ದೇವರ ಹೆಸರಿನಿಂದ ಆರಂಭವಾಗಲೆಂದು 1949ರ ಅಕ್ಟೋಬರ್ 17ರಂದು ಸೂಚಿಸಿದರು. ದೇವರನ್ನು ಮತಕ್ಕೆ ಹಾಕುವ ಮುಜುಗರಕ್ಕೆ ಸಭೆಯನ್ನು ಗುರಿಮಾಡಬಾರದೆಂದು ಪೂರ್ಣಿಮಾ ಬ್ಯಾನರ್ಜಿಯವರು ವಿನಂತಿಸಿಕೊಂಡರು. ಮತಕ್ಕೆ ಹಾಕಿದಾಗ ಪರವಾಗಿ 41, ವಿರುದ್ಧವಾಗಿ 68 ಮತಗಳು ಬಂದವು. ವಿರೋಧಿಸಿದವರೆಲ್ಲ ನಾಸ್ತಿಕರೆಂದು ಭಾವಿಸುವುದು ತಪ್ಪು. ಅಂತಃಕರಣದ ವಿಷಯವನ್ನು ಬಹುಮತದಿಂದ ತೀರ್ಮಾನಿಸಬಾರದೆಂಬ ವಿವೇಕವೂ ಅಲ್ಲಿತ್ತು. ಇಂದಿಗೂ ಮಂತ್ರಿಯಾಗುವವನು ದೇವರ ಹೆಸರಿನಲ್ಲಿ ಪ್ರಮಾಣ ಮಾಡಬಹುದು, ಇಲ್ಲವೆ ಸತ್ಯನಿಷ್ಠೆಯಿಂದ ದೃಢೀಕರಿಸಬಹುದು.

ಅಲ್ಪಸಂಖ್ಯಾತರು ಸ್ಥಾನಗಳನ್ನು ಬಿಟ್ಟುಕೊಟ್ಟರೆ ಅವರ ದನಿಯನ್ನು ಕೇಳುವವರು ಯಾರೆಂದು ಕೆಲವರು ಆಕ್ಷೇಪಿಸಬಹುದು. ಆ ಭಯ ನಿರಾಧಾರವಾದುದಲ್ಲ. ಯಾದಗಿರಿ, ಶಹಾಪುರ, ಸುರಪುರಗಳು ಅಂದು ಹೈದರಾಬಾದು ಸಂಸ್ಥಾನದಲ್ಲಿದ್ದವು. ಮತದ್ವೇಷವು ಅಧಿಕಾರದೊಡನೆ ಕೈಜೋಡಿಸಿದರೆ ಏನಾಗುವುದೆಂಬುದನ್ನು 1948ರಲ್ಲಿ ಆ ಸಂಸ್ಥಾನವು ಕಂಡಿತು. ರಜಾಕಾರರ ಹಾವಳಿಯಲ್ಲಿಯೂ, ಸೆಪ್ಟೆಂಬರ್ 17ರ ವಿಮೋಚನೆಯ ನಂತರದ ಗಲಭೆಗಳಲ್ಲಿಯೂ ಎರಡೂ ಮತಗಳ ನಿರಪರಾಧಿಗಳು ನೊಂದರು. ಹೀಗಿರುವಾಗ ಮುಖರ್ಜಿಯವರಂತಹವರ ತ್ಯಾಗವನ್ನು ಹೊಗಳಿ ಸುಮ್ಮನಾಗುವುದು ಸಾಲದು. ಅವರು ಬಿಟ್ಟುಕೊಟ್ಟದ್ದು ದಾನವಲ್ಲ. ನಂಬಿ ಕೊಟ್ಟ ಸಾಲ. ಅದನ್ನು ತೀರಿಸುವ ಹೊಣೆ ಸಂಖ್ಯೆಯಲ್ಲಿ ಹೆಚ್ಚಿರುವವರದು.

ಆದುದರಿಂದ ನಿರ್ಮಾಪಕರ ಶ್ರದ್ಧೆಯನ್ನು ಮರೆಮಾಚಬೇಕಾಗಿಲ್ಲ. ಅದನ್ನು ರಾಷ್ಟ್ರದ ಒಡೆತನದ ಪತ್ರವೆಂದು ಬಗೆಯುವುದೂ ಸಲ್ಲದು. ಬೇರು ಯಾವ ಮಣ್ಣಿನಲ್ಲಿ ಇಳಿದಿದ್ದರೇನು, ಮರವು ದಾರಿಹೋಕರೆಲ್ಲರಿಗೂ ನೆರಳನ್ನು ನೀಡುತ್ತದೆ. ತರಗತಿಯಲ್ಲಿ ಒಬ್ಬನೇ ಒಬ್ಬ ವಿದ್ಯಾರ್ಥಿಯ ಮತ ಉಳಿದವರದಕ್ಕಿಂತ ಬೇರೆಯಾಗಿದ್ದು, ಆತನು ಅಳುಕಿಲ್ಲದೆ ಮೊದಲ ಸಾಲಿನಲ್ಲಿ ಕುಳಿತುಕೊಳ್ಳಬಲ್ಲನಾದರೆ, ಆ ಸಾಲದ ಒಂದು ಕಂತು ಅಂದು ಸಂದಾಯವಾದಂತೆ.