ಹೊಳೆಯ ನೆತ್ತಿಯ ಮೇಲೆ ಗಣಿ

ಮೀನು ಮುಖ್ಯವೋ, ಮನುಷ್ಯ ಮುಖ್ಯವೋ? ಹೊಳೆ ಹುಟ್ಟುವ ಜಾಗದಲ್ಲಿ ಗಣಿ ಬೇಡ ಅಂದವರ ಮುಖಕ್ಕೆಲ್ಲ ಎಸೆಯುವ ಪ್ರಶ್ನೆ ಇದು. ನಾವು ತಿರುಗಿ ಕೇಳುತ್ತೇವೆ: ಯಾವ ಮನುಷ್ಯ ಸ್ವಾಮಿ? ದೂರದ ಪಟ್ಟಣದಲ್ಲಿ ಕೂತು ಷೇರಿನ ರೇಟು ನೋಡುವವನೋ, ಇಲ್ಲಾ ಆ ಮೀನನ್ನೇ ಹಿಡಿದು, ಸೀಳಿ, ಹೊಗೆಯಲ್ಲಿ ಒಣಗಿಸಿ ಚಳಿಗಾಲವೆಲ್ಲ ಮಕ್ಕಳ ಹೊಟ್ಟೆ ತುಂಬಿಸುವವನೋ?

ಹಾಸ್ಟೆಲ್ ಗೆಳೆಯರೇ, ನಾವು ಹೇಳಹೊರಟಿರೋದು ಅಮೆರಿಕದ ಅಲಾಸ್ಕದ ಮಾತು. ನಮಗೂ ಅಲಾಸ್ಕಕ್ಕೂ ಏನಯ್ಯಾ ಸಂಬಂಧ ಅಂತ ನಗಬೇಡಿ. ಪೇಪರಿನವರು ‘ಪರಿಸರ’ ಅಂದರೆ ಕರಡಿಯ ಫೋಟೋ ಹಾಕುತ್ತಾರೆ, ಹಿಮದ ಬೆಟ್ಟ ಹಾಕುತ್ತಾರೆ. ಅಲ್ಲಿ ಬದುಕುವ ಜನ ಆ ಫೋಟೋದಲ್ಲಿ ಇರೋದಿಲ್ಲ. ನಾವು ಆ ಜನರ ಕಡೆಯಿಂದ ನೋಡೋಣ.

ಜಾಗದ ಹೆಸರು ಬ್ರಿಸ್ಟಲ್ ಬೇ. ಅಲಾಸ್ಕದ ನೈಋತ್ಯದ ಕೊಲ್ಲಿ. ನುಶಗಾಕ್, ಕ್ವಿಚಾಕ್ ಮೊದಲಾದ ಹೊಳೆಗಳು ಬಂದು ಸೇರುವ ಕಡೆ. ಯೂಪಿಕ್, ದೆನಾಯಿನಾ, ಅಲೂಟಿಕ್ ಎಂಬ ಮೂಲನಿವಾಸಿಗಳು ಅಲ್ಲಿನವರು. ಸಾಲ್ಮನ್ ಮೀನನ್ನು ನಂಬಿದ ಬಾಳು ಆ ಹೊಳೆಗಳ ಮೇಲೆ ಕಡಿಮೆಯೆಂದರೂ 4000 ವರ್ಷದಿಂದ ನಡೆದಿದೆ. ಲೋಕಕ್ಕೆಲ್ಲ ಸಿಗುವ ಸಾಕೈ ತಳಿಯ ಸಾಲ್ಮನ್‌ನಲ್ಲಿ (ಜಾತಿ ಅನ್ನೋ ಮಾತು ಮೀನಿಗಾದರೂ ಬೇಡ!) ಸುಮಾರು ಅರ್ಧ ಇಲ್ಲಿಯದೇ. 2022ರಲ್ಲಿ ಸಮುದ್ರದಿಂದ ಹಿಂತಿರುಗಿ ಬಂದ ಮೀನು ಸುಮಾರು 7 ಕೋಟಿ 90 ಲಕ್ಷ. ಯಾರೂ ತೊಟ್ಟಿ ಕಟ್ಟಿ ಸಾಕಿದ್ದಲ್ಲ, ತಾನಾಗಿ ಹುಟ್ಟಿ ಬೆಳೆದದ್ದು.

ಈ ಮೀನಿನ ಬದುಕನ್ನು ಸ್ವಲ್ಪ ಕೇಳಿ. ಹುಟ್ಟುವುದು ಹೊಳೆಯ ತಳದ ಗರಸಿನಲ್ಲಿ. ಸಿಹಿನೀರಿನ ಸರೋವರದಲ್ಲಿ ಒಂದೆರಡು ವರ್ಷ. ಆಮೇಲೆ ಉಪ್ಪುನೀರಿಗೆ ಹೋಗಿ ಎರಡು ಮೂರು ವರ್ಷ. ಮತ್ತೆ ತಾನು ಹುಟ್ಟಿದ ಅದೇ ಹಳ್ಳವನ್ನು ಹುಡುಕಿಕೊಂಡು, ನೀರಿಗೆ ಎದುರಾಗಿ ಈಜಿ ಬರುತ್ತದೆ. ಬೋರ್ಡು ನೋಡಿ ಬರುತ್ತದೆಯೇ? ನೀರಿನ ವಾಸನೆ ಹಿಡಿದು ಬರುತ್ತದೆ. ಮೊಟ್ಟೆಯಿಟ್ಟು ಅಲ್ಲೇ ಸಾಯುತ್ತದೆ. ಸತ್ತ ಮೀನು ಕರಡಿಗೆ, ಹದ್ದಿಗೆ, ದಡದ ಮರದ ಬೇರಿಗೆ ಆಹಾರ. ನೀರಿನಲ್ಲಿ ತಾಮ್ರದ ಅಂಶ ಬಹಳ ಸಣ್ಣ ಪ್ರಮಾಣದಲ್ಲಿ ಏರಿದರೂ ಸಾಲ್ಮನ್‌ನ ವಾಸನೆಯ ಶಕ್ತಿ ಕುಂದುತ್ತದೆ ಎಂದು ವಿಜ್ಞಾನಿಗಳು ತೋರಿಸಿದ್ದಾರೆ. ತಾಮ್ರದ ಗಣಿಯವರಿಗೆ ಬೇಕಾದದ್ದು ಈ ನೀರಿನ ನೆತ್ತಿಯೇ.

ಗಣಿಯ ಹೆಸರು ಪೆಬಲ್. ಹೆಸರಿಗೆ ಹರಳುಕಲ್ಲು, ಗಾತ್ರಕ್ಕೆ ರಾಕ್ಷಸ. ಕೆನಡಾದ ನಾರ್ದರ್ನ್ ಡೈನಸ್ಟಿ ಮಿನರಲ್ಸ್ ಕಂಪನಿಯದು. ತಾಮ್ರ, ಚಿನ್ನ, ಮಾಲಿಬ್ಡಿನಮ್ ಇವೆ ಅಂತಾರೆ, ಇರೋದು ನಿಜವೇ. ಆದರೆ ಆ ಅದಿರಿನಲ್ಲಿ ತಾಮ್ರ ನೂರಕ್ಕೆ ಅರ್ಧದಷ್ಟೂ ಇಲ್ಲ. ನೂರು ಲಾರಿ ಅದಿರು ಅರೆದರೆ ಅರ್ಧ ಲಾರಿ ಲೋಹವೂ ಸಿಗದು. ಮಿಕ್ಕದ್ದೆಲ್ಲ ಹಿಟ್ಟಾದ ಕಲ್ಲು, ರಾಡಿ. ಲೋಹ ಹಡಗು ಹತ್ತುತ್ತದೆ. ರಾಡಿ ಮಾತ್ರ ಕಟ್ಟೆಯ ಹಿಂದೆ, ಭೂಕಂಪದ ಆ ನೆಲದಲ್ಲಿ, ಮೊಮ್ಮಕ್ಕಳ ಮೊಮ್ಮಕ್ಕಳ ಕಾಲಕ್ಕೂ ನಿಲ್ಲಬೇಕು. ಕಟ್ಟೆ ಒಡೆಯೋದಿಲ್ಲ ಅಂತ ಇಂಜಿನಿಯರು ಬರೆದುಕೊಡುತ್ತಾನೆ. ಪಕ್ಕದ ಕೆನಡಾದ ಮೌಂಟ್ ಪಾಲಿ ಗಣಿಯ ಕಟ್ಟೆಗೂ ಇಂಜಿನಿಯರು ಇದ್ದರು. 2014ರ ಆಗಸ್ಟ್ 4ರಂದು ಅದು ಒಡೆಯಿತು. ಸುಮಾರು ಎರಡೂವರೆ ಕೋಟಿ ಘನ ಮೀಟರ್ ನೀರು, ರಾಡಿ ಹರಿದು, ಸಾಲ್ಮನ್ ಮರಿಗಳು ಬೆಳೆಯುವ ಕ್ವೆಸ್ನೆಲ್ ಸರೋವರಕ್ಕೆ ಬಿತ್ತು.

ರಾಡಿ ಅಂದರೆ ಏನು ಅಂತ ನಮ್ಮವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕೋಲಾರದ ಚಿನ್ನದ ಗಣಿಯಲ್ಲಿ ಮೂರು ಕಿಲೋಮೀಟರಿಗಿಂತ ಆಳಕ್ಕೆ ಇಳಿದವರು ಬಹುಪಾಲು ದಲಿತರು. ಗಣಿ 2001ರಲ್ಲಿ ಮುಚ್ಚಿತು. ಚಿನ್ನ ಎಲ್ಲೆಲ್ಲಿಗೋ ಹೋಯಿತು. ಸೈನೈಡ್ ದಿಬ್ಬಗಳು ಮಾತ್ರ ಕಾರ್ಮಿಕರ ಮನೆಗಳ ಮಗ್ಗುಲಲ್ಲೇ ಉಳಿದವು, ಗಾಳಿ ಬೀಸಿದರೆ ಧೂಳು ಅನ್ನದ ತಟ್ಟೆಗೆ.

ಹಾಗಂತ ಕೆಲಸದ ಮಾತನ್ನು ನಾವು ತಳ್ಳಿಹಾಕೋದಿಲ್ಲ. ಇಲಿಯಾಮ್ನಾ ಸರೋವರದ ದಂಡೆಯ ಕೆಲವರು ‘ನಮಗೆ ಗಣಿ ಬೇಕು, ಕೂಲಿ ಬೇಕು’ ಎಂದೇ ಹೇಳಿದರು. ಅಂಥವರನ್ನು ಬೈಯ್ಯುವ ಹೊಟ್ಟೆತುಂಬಿದ ಪರಿಸರವಾದಿಗಳ ಜೊತೆ ನಾವಿಲ್ಲ. ಮೀನಿನ ಧಣಿಗಳೂ ಸಂತರಲ್ಲ. ಅಲಾಸ್ಕದಲ್ಲಿ ಮೀನನ್ನು ಡಬ್ಬಿಗೆ ತುಂಬುವ ಕಾರ್ಖಾನೆಗಳ ಕಥೆ ಕೇಳಿ: ಫಿಲಿಪಿನೋಗಳು, ಮೂಲನಿವಾಸಿಗಳು ಮೀನು ಕೊಯ್ಯುವ ಕೀಳು ಕೂಲಿಗೆ, ಬಿಳಿಯರು ಹೆಚ್ಚು ಸಂಬಳದ ಕೆಲಸಗಳಿಗೆ. ಮಲಗುವ ಕೋಣೆ ಬೇರೆ, ಊಟದ ಮೆಸ್ಸೂ ಬೇರೆ! ನಮ್ಮ ಹುಡುಗರಿಗೆ ಇದರ ಅರ್ಥ ಯಾವ ಪ್ರೊಫೆಸರೂ ಹೇಳಿಕೊಡಬೇಕಿಲ್ಲ. ವಾರ್ಡ್ಸ್ ಕೋವ್ ಎಂಬ ಕಂಪನಿಯ ಮೇಲೆ ಆ ಕೂಲಿಗಳು ಹೂಡಿದ ಮೊಕದ್ದಮೆ ಅಮೆರಿಕದ ಸುಪ್ರೀಂ ಕೋರ್ಟಿನವರೆಗೆ ಹೋಗಿ, 1989ರಲ್ಲಿ ಐದಕ್ಕೆ ನಾಲ್ಕು ನ್ಯಾಯಾಧೀಶರ ಮತದಲ್ಲಿ ಕೂಲಿಗಳೇ ಸೋತರು. ಇಷ್ಟೆಲ್ಲ ಉಂಡ ಜನವೇ ‘ಹೊಳೆ ಉಳಿಯಲಿ’ ಅನ್ನುತ್ತಿದ್ದಾರೆ. ಹೊಳೆ ಉಳಿದರೆ ಕೂಲಿಗೂ ಜಗಳವಾಡಬಹುದು. ಹೊಳೆ ಸತ್ತ ಮೇಲೆ ಯಾರ ಜೊತೆ ಜಗಳ?

ಈಗ ಹೋರಾಟದ ಮಾತು. ಬೇಡ ಎಂದು ಸರ್ಕಾರದ ಬಾಗಿಲು ತಟ್ಟಿದವರು ಆರು ಮೂಲನಿವಾಸಿ ಪಂಗಡಗಳು, 2010ರಲ್ಲಿ. ಬೀದಿಗೂ ಹೋದರು, ಕಾನೂನನ್ನೂ ಓದಿದರು. 1972ರ ಶುದ್ಧ ನೀರಿನ ಕಾಯಿದೆಯಲ್ಲಿ 404(ಸಿ) ಅಂತ ಒಂದು ಕಲಂ ಇದೆ: ಮೀನಿಗೆ, ಕುಡಿಯುವ ನೀರಿಗೆ ಸಹಿಸಲಾಗದ ಹಾನಿಯಾಗುವಂತಿದ್ದರೆ ತ್ಯಾಜ್ಯ ಸುರಿಯೋದನ್ನು ಕೇಂದ್ರದ ಪರಿಸರ ಇಲಾಖೆ ತಡೆಯಬಹುದು. ಆ ಕಲಮನ್ನು ಹಿಡಿದುಕೊಂಡರು. ಇಲಾಖೆ ಅಧ್ಯಯನ ನಡೆಸಿ 2014ರಲ್ಲಿ ನಿರ್ಬಂಧ ಹಾಕುವ ಪ್ರಸ್ತಾಪ ತಂದಿತು. ಅದೇ ವರ್ಷ ಅಲಾಸ್ಕದ ಮತದಾರರು, ಮೂವರಲ್ಲಿ ಇಬ್ಬರ ಹತ್ತಿರ ಹತ್ತಿರ, ಇಲ್ಲಿ ಇಂಥ ಗಣಿಗೆ ಶಾಸನಸಭೆಯ ಒಪ್ಪಿಗೆಯೂ ಬೇಕು ಎಂದು ಓಟು ಹಾಕಿದರು.

ಆಮೇಲೆ ಸರ್ಕಾರ ಬದಲಾಯಿತು. 2019ರಲ್ಲಿ ಅದೇ ಇಲಾಖೆ ಅದೇ ಪ್ರಸ್ತಾಪವನ್ನು ಹಿಂದಕ್ಕೆ ತೆಗೆದುಕೊಂಡಿತು. ಮೀನು ಬದಲಾಗಿರಲಿಲ್ಲ, ನೀರು ಬದಲಾಗಿರಲಿಲ್ಲ, ಕುರ್ಚಿ ಮಾತ್ರ ಬದಲಾಗಿತ್ತು. 2020ರ ಸೆಪ್ಟೆಂಬರಿನಲ್ಲಿ ಇನ್ನೊಂದು ತಮಾಷೆ. ಹಣ ಹೂಡುವವರ ವೇಷ ಹಾಕಿಕೊಂಡ ತನಿಖೆಯವರ ಮುಂದೆ ಕಂಪನಿಯ ದೊಡ್ಡವರು ಬಾಯಿಬಿಟ್ಟರು. ಅರ್ಜಿಯಲ್ಲಿ 20 ವರ್ಷದ ಗಣಿ ಅಂತ ಬರೆದದ್ದು ಬರೀ ಶುರುವಾತು, ಆಸೆ ಇರೋದು ಇನ್ನೂ ದೊಡ್ಡದಕ್ಕೆ ಎಂಬುದು ಆ ಧ್ವನಿಮುದ್ರಣದಿಂದ ಹೊರಬಿತ್ತು. ಗಣಿಯ ಮುಖ್ಯಸ್ಥ ಟಾಮ್ ಕಾಲಿಯರ್ ರಾಜೀನಾಮೆ ಕೊಡಬೇಕಾಯಿತು. ಅದೇ ನವೆಂಬರಿನಲ್ಲಿ ಸೇನೆಯ ಇಂಜಿನಿಯರಿಂಗ್ ವಿಭಾಗ ಪರವಾನಗಿ ನಿರಾಕರಿಸಿತು. 2023ರ ಜನವರಿಯಲ್ಲಿ ಪರಿಸರ ಇಲಾಖೆ ಕೊನೆಗೂ 404(ಸಿ) ಕಲಂ ಚಲಾಯಿಸಿತು. ಗಣಿ ನಡೆದಿದ್ದರೆ ಸುಮಾರು ನೂರು ಮೈಲಿ ಹಳ್ಳ-ತೊರೆ, ಎರಡು ಸಾವಿರ ಎಕರೆಗೂ ಹೆಚ್ಚು ಜೌಗುನೆಲ ಹಾಳಾಗುತ್ತಿತ್ತು ಎಂದು ಅವರದೇ ಲೆಕ್ಕ.

ಗೆದ್ದೆವು ಅಂತ ಅವರು ಮಲಗಲಿಲ್ಲ. ಬರೆದ ಕೈಯೇ ಅಳಿಸಬಹುದು ಅನ್ನೋದನ್ನು 2019ರಲ್ಲೇ ಕಂಡಿದ್ದರು. 1971ರ ಕಾಯಿದೆಯೊಂದು ಅಲಾಸ್ಕದ ಮೂಲನಿವಾಸಿಗಳ ಹಳೆಯ ಭೂಹಕ್ಕನ್ನು, ಬೇಟೆ ಮತ್ತು ಮೀನಿನ ಹಕ್ಕನ್ನು ರದ್ದು ಮಾಡಿ, ಬದಲಿಗೆ ಸ್ವಲ್ಪ ನೆಲ, ಸ್ವಲ್ಪ ಹಣ, ಊರೂರಿಗೊಂದು ಕಾರ್ಪೊರೇಷನ್ ಕೊಟ್ಟಿತ್ತು. ಕೊಟ್ಟವರ ಲೆಕ್ಕಾಚಾರ ಏನಿತ್ತೋ, ಪೆಡ್ರೋ ಬೇ ಎಂಬ ಸಣ್ಣ ಹಳ್ಳಿಯವರು ಆ ಕಾರ್ಪೊರೇಷನ್ನನ್ನೇ ಆಯುಧ ಮಾಡಿಕೊಂಡರು. ಗಣಿಗೆ ಹೋಗುವ ರಸ್ತೆ ಅವರ ನೆಲದ ಮೇಲೆ ಹಾಯಬೇಕಿತ್ತು. 2022ರ ಕೊನೆಯಲ್ಲಿ, ಸಂರಕ್ಷಣಾ ಸಂಸ್ಥೆಯೊಂದರಿಂದ 2 ಕೋಟಿ ಡಾಲರ್ ಪಡೆದು, ತಮ್ಮ 44,000 ಎಕರೆಗೂ ಹೆಚ್ಚು ನೆಲದಲ್ಲಿ ಇಂಥ ರಸ್ತೆ ಎಂದೂ ಹಾಯದಂತೆ ಕರಾರು ಬರೆದರು. ನೆಲ ಅವರದೇ ಉಳಿಯಿತು, ರಸ್ತೆ ನಿಂತಿತು.

ಕಂಪನಿಯೂ ಅಲಾಸ್ಕ ರಾಜ್ಯ ಸರ್ಕಾರವೂ 2024ರಲ್ಲಿ ಕೋರ್ಟಿಗೆ ಹೋದವು, 404(ಸಿ) ಆದೇಶದ ವಿರುದ್ಧ. ಮೊಕದ್ದಮೆಯಲ್ಲಿ ಯಾರು ಗೆದ್ದರೂ ಆ ದಾರಿಯಲ್ಲಿ ಲಾರಿ ಹೋಗಬೇಕಾದರೆ ಪೆಡ್ರೋ ಬೇ ಕರಾರನ್ನು ದಾಟಬೇಕು.